ಯಾರು ಗೆದ್ದರೂ ಮನೆಗೆ ಪಾಲು

ಊರು ಬಿಟ್ಟು ಮುಂಬಯಿಗೆ ಬಂದ ನಮ್ಮವರು ತಂದ ಸಾಮಾನಿನಲ್ಲಿ ಒಂದು ಕಟ್ಟು ಇಸ್ಪೀಟೆಲೆಯೂ ಇತ್ತು. ಹುಣಿಸೆಬೀಜವನ್ನು ಪಣವಿಟ್ಟು ರಮ್ಮಿ ಆಡಿದವರೇ ನಾವೆಲ್ಲ. ಆದ್ದರಿಂದ ನಾವು ಎಲೆಯ ವೈರಿಗಳೆಂದು ವಾಚಕರು ತಿಳಿಯಬಾರದು.

ಬಿದ್ದ ಎಲೆಗಳನ್ನು ನೆನಪಿಡುವ, ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕೆಂದು ಬಲ್ಲ ಜಾಣ್ಮೆಯೇ ರಮ್ಮಿಯಲ್ಲಿ ಮುಖ್ಯವೆಂದು ಸಿಕಂದರಾಬಾದಿನ ಒಂದು ಕ್ಲಬ್ಬಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1967ರಲ್ಲೇ ಹೇಳಿತು. ಮೊಬೈಲಿನ ರಮ್ಮಿ ಕಂಪನಿಗಳು ಈ ತೀರ್ಪನ್ನೇ ಆಶ್ರಯಿಸಿ ಬೆಳೆದವು. ಪೋಕರನ್ನು ಮಾತ್ರ ಗುಜರಾತ್ ಹೈಕೋರ್ಟು 2017ರಲ್ಲಿ ಜೂಜೆಂದಿತು. ಆ ಹಳೆಯ ತೀರ್ಪಿನಲ್ಲಿ ಇನ್ನೊಂದು ಮಾತೂ ಇತ್ತು: ಪಣದ ಆಟದಿಂದ ಮನೆಯ ಯಜಮಾನನೇ ಲಾಭ ಮಾಡಿಕೊಂಡರೆ ಅದು ಅಪರಾಧವಾಗಬಹುದು. ಈ ಮಾತನ್ನು ನೆನೆದವರು ಕಡಮೆ.

2023ರ ಬೇಸಗೆಯಲ್ಲಿ ನಮ್ಮ ಅಳಿಯಂದಿರು, "ಮಾವ, ನಾವು ಆಡುವುದು ಬೇಡ. ಆಡಿಸುವ ಕಂಪನಿಯ ಷೇರು ಕೊಳ್ಳೋಣ. ಯಾರು ಗೆದ್ದರೂ ಮನೆಗೆ ಪಾಲು ತಪ್ಪದು" ಎಂದರು. ಲೆಕ್ಕ ಸರಿಯೇ. ಆಟಗಾರರು ತಮ್ಮ ತಮ್ಮಲ್ಲಿ ಸೋಲುತ್ತಾರೆ, ಗೆಲ್ಲುತ್ತಾರೆ. ಪಣದಿಂದ ಕಮಿಷನ್ ಮುರಿದುಕೊಳ್ಳುವವನಿಗೆ ಸೋಲಿಲ್ಲ. ಆದರೆ ನಮ್ಮ ಕಟ್ಟಡದಲ್ಲೇ ಒಬ್ಬ ತಾಯಿ ಮಗನ ರಮ್ಮಿಯ ಸಾಲಕ್ಕಾಗಿ ಬಳೆ ಒತ್ತೆಯಿಟ್ಟಿದ್ದರು. ಆ ಬಳೆಯ ಚೂರೊಂದು ಲಾಭಾಂಶವಾಗಿ ನಮ್ಮ ಮನೆಗೆ ಬರುವುದು ಬೇಡವೆಂದೆವು. ನಿವೃತ್ತಿಯ ಹಣ ಬ್ಯಾಂಕಿನಲ್ಲೇ ಉಳಿಯಿತು. ಅಳಿಯಂದಿರಿಗೆ ಕೊಂಚ ಅಸಮಾಧಾನವೂ ಆಯಿತು.

ಆ ಜುಲೈನಲ್ಲಿ ಪಣದ ಪೂರ್ತಿ ಮೊತ್ತದ ಮೇಲೆ ಶೇಕಡ 28 ಜಿ.ಎಸ್.ಟಿ. ಎಂದು ತೀರ್ಮಾನವಾದೊಡನೆ, ಗೋವೆಯಲ್ಲಿ ಕ್ಯಾಸಿನೊ ನಡೆಸುವ ಡೆಲ್ಟಾ ಕಾರ್ಪ್ ಷೇರು ಒಂದೇ ದಿನದಲ್ಲಿ ಐದರಲ್ಲೊಂದು ಪಾಲಿಗಿಂತ ಹೆಚ್ಚು ಇಳಿಯಿತು. 2025ರ ಆಗಸ್ಟಿನಲ್ಲಿ ಸಂಸತ್ತು, ಜಾಣ್ಮೆಯೋ ಅದೃಷ್ಟವೋ ಎಂದು ಕೇಳದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕಾಯಿದೆ ಮಾಡಿತು. ಅದರಂತೆ ಆಡಿಸುವವನಿಗೆ ಮೂರು ವರ್ಷದವರೆಗೆ ಸೆರೆ, ಆಡಿದವನಿಗೆ ಶಿಕ್ಷೆಯಿಲ್ಲ. ಷೇರು ಇಳಿಯಿತೆಂದು ನಾವು ಹಿಗ್ಗಲಿಲ್ಲ; ಅದು ಏರಿದ್ದರೂ ನಮ್ಮ ಉತ್ತರ ಅದೇ ಆಗಿರುತ್ತಿತ್ತು.

ಜಾಣ್ಮೆಯ ಆಟವೆಂದ ಮಾತ್ರಕ್ಕೆ ಏನು ಸಮಾಧಾನ? ಶಕುನಿಗೆ ಜಾಣ್ಮೆಯಿರಲಿಲ್ಲವೆ? ಬಲ್ಲವನೆದುರು ಬಾರದವನು ಕುಳಿತರೆ ಸೋಲು ಇನ್ನಷ್ಟು ನಿಶ್ಚಯ. ಮನೆಗೆ ಬರುವ ಹಣ ಯಾರ ಸೋಲಿನಿಂದ ಬರುತ್ತಿದೆಯೆಂದು ಒಮ್ಮೆ ವಿಚಾರಿಸಿ ನೋಡುವುದು ಸಂಸಾರಸ್ಥರಾದ ನಮಗೆ ಲೇಸು.