ಮೆಣಸಿನಕಾಯಿ ಚೀಲ, ಕನ್ನಡಿಯಂಥ ಗ್ರಾನೈಟು

ಊರಿನ ನಮ್ಮ ಹಳೆ ಮನೆಯ ಹೊಸ್ತಿಲ ಮುಂದೆ ಸದಾ ಒಂದು ಗೋಣಿಚೀಲ ಬಿದ್ದಿರುತ್ತಿತ್ತು. ಬ್ಯಾಡಗಿ ಮಾರ್ಕೆಟ್ಟಿಗೆ ಮೆಣಸಿನಕಾಯಿ ಹೊತ್ತು ಹೊತ್ತು ಹರಿದು, ಕೊನೆಗೆ ಕಾಲೊರಸಾಗಿ ರಿಟೈರ್ ಆದ ಚೀಲ. ಮಳೆಗಾಲದಲ್ಲಿ ಅದರ ಮೇಲೆ ಒದ್ದೆ ಕಾಲಿಟ್ಟರೆ ಒಡೆದ ಹಿಮ್ಮಡಿಯೊಳಗೆ ಖಾರ ಇಳಿದು ಚುರ್ ಅನ್ನೋದು. ಆದ್ರೆ ಆ ಬಾಗಿಲಲ್ಲಿ ಯಾರೂ ಜಾರಿ ಬಿದ್ದದ್ದು ನನಗೆ ನೆನಪಿಲ್ಲ.

ಅವ್ವ ಬಿದ್ದದ್ದು ರಾಣೆಬೆನ್ನೂರಿನಲ್ಲಿ, ಒಂದು ಬ್ಯಾಂಕಿನ ಬಾಗಿಲಲ್ಲಿ. ಹೋದ ವರ್ಷದ ಆಷಾಢ, ಜಿಟಿಜಿಟಿ ಮಳೆ. ಪಾಸ್‌ಬುಕ್ ಎಂಟ್ರಿ ಮಾಡಿಸಲು ಹೋಗಿದ್ದಳು. ನಮ್ಮ ಕಡೆಯ ಹಿರಿಯರಿಗೆ ಬ್ಯಾಂಕು, ಆಫೀಸು ಅಂದ್ರೆ ಗುಡಿ ಇದ್ದಂಗೆ, ಚಪ್ಪಲಿ ಹೊರಗೇ ಬಿಡ್ತಾರೆ. ಅವ್ವನೂ ಬಿಟ್ಟಳು. ಒದ್ದೆ ಬರಿಗಾಲು, ಕನ್ನಡಿಯಂಥ ಗ್ರಾನೈಟು, ಅದರ ಮೇಲೆ ಹತ್ತಾರು ಛತ್ರಿಗಳಿಂದ ಸೋರಿದ ನೀರು. 'ವೆಲ್‌ಕಮ್' ಅಂತ ಬರೆದ ಒಂದು ಪುಟ್ಟ ಮ್ಯಾಟ್ ಇತ್ತಂತೆ. ಅವ್ವ ಕಾಲಿಟ್ಟದ್ದು ಅದರ ಮೇಲೆಯೇ. ಮ್ಯಾಟೇ ಜಾರಿಕೊಂಡು ಹೋಯಿತು. ತೊಡೆಯ ಎಲುಬು ಮುರಿಯಿತು. ಹುಬ್ಬಳ್ಳಿಯಲ್ಲಿ ಆಪರೇಷನ್, ರಾಡು, ಮೂರು ತಿಂಗಳು ಮಂಚ.

ಫೋನಿನಲ್ಲಿ ಅವಳ ಮೊದಲ ಮಾತು: "ನಂದ ತಪ್ಪಪ್ಪಾ, ನೋಡ್ಕೊಂಡು ಕಾಲಿಡಬೇಕಿತ್ತು."

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ನಮ್ಮ ಕೆಲಸದಲ್ಲಿ ಹತ್ತು ಮಂದಿ ಯೂಸರ್‌ಗಳು ಅದೇ ತಪ್ಪು ಬಟನ್ ಒತ್ತಿದರೆ ಅವರನ್ನು ಬೈಯುವುದಿಲ್ಲ (ಮೀಟಿಂಗಿನಲ್ಲಂತೂ ಇಲ್ಲ), ಸ್ಕ್ರೀನ್ ಬದಲಾಯಿಸುತ್ತೇವೆ. ಜಾರಿ ಬಿದ್ದವರಿಗೆ ಮಾತ್ರ "ಕಣ್ಣು ಕಾಣಲ್ವಾ?"

ಬೆಂಗಳೂರಿನ ನಮ್ಮ ಆಫೀಸಿನ ಬಾಗಿಲನ್ನು ಎಂಟು ವರ್ಷ ತುಳಿದಿದ್ದೆ, ನೋಡಿರಲಿಲ್ಲ. ಅವ್ವ ಬಿದ್ದ ಮೇಲೆ ನಿಂತು ನೋಡಿದೆ. ಹೊರಗೆ, ನೆಲದ ಕುಣಿಯೊಳಗೆ ಕೂರಿಸಿದ ಒರಟು ರಬ್ಬರ್ ಜಾಲರಿ. ಅದು ಕೆಸರು ಕೆರೆಯುತ್ತದೆ. ಒಳಗೆ ನೀರು ಕುಡಿಯುವ ದಪ್ಪ ನಾರಿನ ಹಾಸು, ಐದಾರು ಹೆಜ್ಜೆಯಷ್ಟು ಉದ್ದ. ಅಷ್ಟು ಉದ್ದ ಯಾಕಂದ್ರೆ ಒಂದು ಹೆಜ್ಜೆಗೆ ಒಂದೇ ಕಾಲು ಒಣಗೋದು, ಎರಡೂ ಕಾಲು ಎರಡು ಮೂರು ಸಲ ತಾಗಬೇಕು. ಅಡಿಯಲ್ಲಿ ಜಾರದ ರಬ್ಬರು, ಎಡವದಂತೆ ಇಳಿಜಾರಾದ ಅಂಚು. ಮಳೆ ಜೋರಿದ್ದ ದಿನ ಹೌಸ್‌ಕೀಪಿಂಗಿನವರು ತೊಯ್ದ ಹಾಸನ್ನು ಎತ್ತಿ ಒಣಗಿದ್ದು ಹಾಕುತ್ತಾರೆ. ಹೊಟ್ಟೆ ತುಂಬ ನೀರು ಕುಡಿದ ಮ್ಯಾಟ್ ಆ ನೀರನ್ನೇ ಮುಂದಿನವರ ಕಾಲಿಗೆ ಹಚ್ಚಿ ಕಳಿಸುತ್ತದೆ.

ಫಿಸಿಕ್ಸ್ ಸರಳ. ನುಣುಪು ಕಲ್ಲಿಗೂ ಪಾದಕ್ಕೂ ನಡುವೆ ಸಿಕ್ಕ ನೀರಿಗೆ ಹೊರಹೋಗಲು ದಾರಿಯಿಲ್ಲ, ನಾವು ಆ ಪದರದ ಮೇಲೆ ತೇಲುತ್ತೇವೆ. ಒರಟು ನೆಲದಲ್ಲಿ ಸಂದುಗಳಿರುತ್ತವೆ, ನೀರು ಅಲ್ಲಿ ಇಳಿಯುತ್ತದೆ. ಟೈಲ್ಸಿಗೆ ಆರ್9 ರಿಂದ ಆರ್13 ಅಂತ ರೇಟಿಂಗೇ ಇದೆ. ಜರ್ಮನಿಯ ಪರೀಕ್ಷೆ ಅದು: ಎಣ್ಣೆ ಸವರಿದ ಇಳಿಜಾರಿನ ಮೇಲೆ ಮನುಷ್ಯರನ್ನು ನಡೆಸುತ್ತಾ, ಜಾರುವ ತನಕ ಇಳಿಜಾರು ಹೆಚ್ಚಿಸುವುದು. ನಂಬರ್ ಹೆಚ್ಚಿದಷ್ಟೂ ಹಿಡಿತ ಹೆಚ್ಚು. ಹಾವೇರಿಯ ಟೈಲ್ಸ್ ಅಂಗಡಿಯೊಂದರಲ್ಲಿ ಕೇಳಿದೆ. ಅಂಗಡಿಯವ ನಕ್ಕ: "ಎಲ್ಲಾರೂ ಶೈನಿಂಗ್ ಕೇಳ್ತಾರ್ರಿ ಸರ. ಇದನ್ನ ಯಾರ್ ಕೇಳ್ತಾರ?"

ನಾನೂ ಕೇಳಿರಲಿಲ್ಲ. ಮೂರು ವರ್ಷದ ಹಿಂದೆ ಊರ ಮನೆಯ ಕರಿಕಲ್ಲು ತೆಗೆಸಿ, ಮುಖ ಕಾಣುವಂಥ ಟೈಲ್ಸ್ ಹಾಕಿಸಿದವನು ನಾನೇ. ಹೊಸ ನೆಲದ ಮುಂದೆ ಅಸಹ್ಯ ಕಾಣ್ತದೆ ಅಂತ ಗೋಣಿಚೀಲ ಎಸೆದವನೂ ನಾನೇ. ಅವ್ವ ಮನೆಯಲ್ಲೇ ಬೀಳದಿದ್ದದ್ದು ಅವಳ ಪುಣ್ಯ. ಈಗ ಹೊಸ್ತಿಲಿಗೆ ಎರಡು ಚೀಲ ಬಂದಿವೆ, ಅಡಿಗೆ ರಬ್ಬರ್ ಶೀಟ್ ಅಂಟಿಸಿದ್ದೇನೆ.

ಅವ್ವನ ಪಾಸ್‌ಬುಕ್ ಹಿಡಿದು ಈ ಮಳೆಗಾಲದಲ್ಲಿ ನಾನೇ ಆ ಬ್ಯಾಂಕಿಗೆ ಹೋದೆ. ಮ್ಯಾನೇಜರ್ ಒಳ್ಳೆಯವರು, ಚಹಾ ಕುಡಿಸಿದರು. "ಮ್ಯಾಟಿಗೆ ಪ್ರಪೋಸಲ್ ಕಳಿಸೇವ್ರಿ" ಅಂದರು. ಬಾಗಿಲಲ್ಲಿ ಹೊಸದಾಗಿ ಒಂದು ಹಳದಿ ಬೋರ್ಡು ನಿಂತಿತ್ತು, ನೆಲ ಒದ್ದೆಯಿದೆ ಅಂತ, ಇಂಗ್ಲಿಷಿನಲ್ಲಿ.

ನಾನು ಹೊರಡುವಾಗ ಅಜ್ಜ ಒಬ್ಬರು ಮೆಟ್ಟಿಲ ಮೇಲೆ ಚಪ್ಪಲಿ ಬಿಡುತ್ತಿದ್ದರು. "ನೆಲ ಜಾರ್ತೈತ್ರಿ ಅಜ್ಜಾ" ಅಂದೆ. ಅವರು ಒಂದು ಗಳಿಗೆ ಒಳಗೆ ನೋಡಿದರು, ಹೆಗಲ ಮೇಲಿನ ಟವೆಲ್ ಕೊಡವಿ ಬಾಗಿಲಲ್ಲಿ ಹಾಸಿ, ಒಂದೊಂದೇ ಕಾಲು ನಿಧಾನ ಒರೆಸಿಕೊಂಡರು. ಟವೆಲ್ ಜಾರದಂತೆ ನಾನು ಅದರ ತುದಿ ಮೆಟ್ಟಿ ನಿಂತೆ.