ಮುಳಗುಂದದಲ್ಲಿ ಅರ್ಧ ದಿನ

ಗದಗ ಪಟ್ಟಣದ ನೈಋತ್ಯಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿ ಮುಳಗುಂದವಿದೆ. ದಾರಿಯ ಎರಡೂ ಬದಿಗೆ ಎರೆಹೊಲ. ಮುಂಗಾರಿಗೆ ಹೆಸರು, ಶೇಂಗಾ. ಹಿಂಗಾರಿಗೆ ಬಿಳಿಜೋಳ, ಕಡಲೆ. ಬಸ್ಸಿನಿಂದ ಇಳಿದವರಿಗೆ ಇದು ಸಾಧಾರಣ ಪಟ್ಟಣದಂತೆಯೇ ಕಾಣುತ್ತದೆ. ಚಹಾದಂಗಡಿ, ಗಿರ್ಮಿಟ್ ಮತ್ತು ಮಿರ್ಚಿಯ ವಾಸನೆ, ಕಟ್ಟೆಯ ಮೇಲೆ ಕುಳಿತ ಹಿರಿಯರು. ಆದರೆ ಈ ಊರಿನ ವಯಸ್ಸು ಸಾವಿರ ವರ್ಷಕ್ಕೂ ಹೆಚ್ಚು.

ರಾಷ್ಟ್ರಕೂಟರ ಇಮ್ಮಡಿ ಕೃಷ್ಣನ ಕಾಲದಲ್ಲಿ, ಕ್ರಿ.ಶ. 902ರ ಸುಮಾರಿಗೆ, ಚಿಕಾರ್ಯನೆಂಬ ವ್ಯಾಪಾರಿ ಇಲ್ಲಿ ಎತ್ತರವಾದ ಜಿನಾಲಯವನ್ನು ಕಟ್ಟಿಸಿದನೆಂದು ಶಾಸನ ಹೇಳುತ್ತದೆ. 1047ರಲ್ಲಿ ಮಲ್ಲಿಷೇಣನು ತನ್ನ ಸಂಸ್ಕೃತ ಮಹಾಪುರಾಣವನ್ನು ಮುಗಿಸಿದ್ದು ಈ ಊರಿನಲ್ಲಿ. 1112ರಲ್ಲಿ ‘ಧರ್ಮಾಮೃತ’ ಬರೆದ ನಯಸೇನನೂ ಮುಳಗುಂದದವನೇ. ಕನ್ನಡದಲ್ಲಿ ಬರೆಯಲು ಹೊರಟು ಸಂಸ್ಕೃತದ ಗಡಚು ಮಾತುಗಳನ್ನು ತುರುಕುವುದು ತುಪ್ಪಕ್ಕೆ ಎಣ್ಣೆ ಬೆರೆಸಿದಂತೆ ಎಂದು ಆಕ್ಷೇಪಿಸಿದ ಕವಿ ಅವನು. ಊರಿನಲ್ಲಿ ಇಂದಿಗೂ ಬಸದಿಗಳಿವೆ, ಸಿದ್ಧೇಶ್ವರ ಗುಡಿಯಿದೆ, ಬಾಲಲೀಲಾ ಮಹಾಂತ ಶಿವಯೋಗಿಗಳ ಮಠವಿದೆ. ಗುಡ್ಡದ ಮೇಲೆ ಹಿಂದೂಗಳೂ ಮುಸಲ್ಮಾನರೂ ಸಮನಾಗಿ ನಡೆದುಕೊಳ್ಳುವ ದಾವಲಮಲಿಕ್ ದರ್ಗಾ ಇದೆ. ಒಂದೇ ಊರಿನಲ್ಲಿ ಇಷ್ಟೆಲ್ಲ ಇರುವುದರಿಂದ ಶಾಲಾ ಮಕ್ಕಳ ಹೊರಸಂಚಾರಕ್ಕೆ ಇದಕ್ಕಿಂತ ಒಳ್ಳೆಯ ಸ್ಥಳ ಹತ್ತಿರದಲ್ಲಿ ಸಿಗುವುದು ಕಷ್ಟ.

ಕಳೆದ ಹಿಂಗಾರಿನಲ್ಲಿ ನಮ್ಮ ಒಂಬತ್ತನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ನಾವು ಮೂವರು ಶಿಕ್ಷಕರು ಅಲ್ಲಿಗೆ ಹೊರಟೆವು. ಶಾಸನ, ಶಿಲ್ಪಗಳ ನಕಾಶೆ ಸಮಾಜ ವಿಜ್ಞಾನದ ಶಿಕ್ಷಕರ ಕೈಯಲ್ಲಿತ್ತು. ನನ್ನ ತಲೆಯಲ್ಲಿದ್ದ ನಕಾಶೆಯೇ ಬೇರೆ. ಬಸ್ ಎಷ್ಟು ಹೊತ್ತು ಓಡುತ್ತದೆ, ಇಳಿದ ಕೂಡಲೇ ಮೂತ್ರಾಲಯ ಎಲ್ಲಿ ಸಿಗುತ್ತದೆ, ಗುಡ್ಡ ಏರಿ ಇಳಿಯಲು ಎಷ್ಟು ಸಮಯ ಬೇಕು, ಬಟ್ಟೆ ಬದಲಿಸಲು ಬಾಗಿಲಿರುವ ಜಾಗ ಯಾವುದು ಎಂಬ ನಕಾಶೆ ಅದು. ಅದಕ್ಕೆ ಐದು ತಿಂಗಳ ಹಿಂದೆ ನನಗೆ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿಗಾಗಿ ಶಸ್ತ್ರಚಿಕಿತ್ಸೆಯಾಗಿತ್ತು. ಗಡ್ಡೆ ಹೋಯಿತು, ಜೀವ ಉಳಿಯಿತು. ಆದರೆ ಕೆಮ್ಮಿದರೆ, ಸೀನಿದರೆ, ಕುಳಿತಲ್ಲಿಂದ ಥಟ್ಟನೆ ಎದ್ದರೆ ಮೂತ್ರ ಸೋರುತ್ತಿತ್ತು.

ನಯಸೇನನ ಊರಿನ ವಿಷಯ ಬರೆಯುತ್ತಿರುವುದರಿಂದ ಇದನ್ನು ಗಡಚು ಮಾತಿನಲ್ಲಿ ಮುಚ್ಚಿಡದೆ ನೇರವಾಗಿಯೇ ಹೇಳಿದ್ದೇನೆ. ವಿದ್ಯಾರ್ಥಿಗಳು ನಗಬಾರದು, ಏಕೆಂದರೆ ಇದರಲ್ಲಿ ನಿಮ್ಮ ಪಾಠವೂ ಇದೆ.

ಪ್ರಾಸ್ಟೇಟ್ ಗಂಡಸರಲ್ಲಿ ಮಾತ್ರ ಇರುವ, ಅಕ್ರೋಟಿನ ಗಾತ್ರದ ಗ್ರಂಥಿ. ಮೂತ್ರಕೋಶದ ಬಾಯಿಗೆ ಸರಿಯಾಗಿ ಕೆಳಗಿದೆ. ಮೂತ್ರ ಹೊರಬರುವ ನಾಳ ಅದರ ನಡುವೆಯೇ ಹಾದುಹೋಗುತ್ತದೆ. ಈ ದಾರಿಗೆ ಎರಡು ಬಿಗಿತಗಳಿವೆ. ಮೇಲಿನದು ಮೂತ್ರಕೋಶದ ಕುತ್ತಿಗೆಯಲ್ಲಿ, ನಮ್ಮ ಇಚ್ಛೆಗೆ ಒಳಪಡದ ಸ್ನಾಯುವಿನದು. ಕೆಳಗಿನದು ಗ್ರಂಥಿಯ ಕೆಳಗೆ, ನಾವು ಬೇಕೆಂದಾಗ ಬಿಗಿಯಬಹುದಾದ ಉಂಗುರದಂಥ ಸ್ನಾಯು. ಕ್ಯಾನ್ಸರಿನಲ್ಲಿ ಇಡೀ ಗ್ರಂಥಿಯನ್ನು ತೆಗೆದು, ಮೂತ್ರಕೋಶವನ್ನು ಕೆಳಗಿನ ನಾಳಕ್ಕೆ ಮತ್ತೆ ಹೊಲಿಯುತ್ತಾರೆ. ಹೊಲಿಗೆ ಮಾಯುವ ತನಕ, ಸಾಮಾನ್ಯವಾಗಿ ಒಂದೆರಡು ವಾರ, ಕ್ಯಾಥೆಟರ್ ಎಂಬ ನಳಿಕೆ ಇರುತ್ತದೆ. ಅದನ್ನು ತೆಗೆದ ದಿನದಿಂದ, ಎರಡು ವಾಲ್ವು ಮಾಡುತ್ತಿದ್ದ ಕೆಲಸ ಬಹುಮಟ್ಟಿಗೆ ಒಂದರ ಮೇಲೆಯೇ ಬೀಳುತ್ತದೆ. ಅದೂ ಶಸ್ತ್ರಚಿಕಿತ್ಸೆಯಿಂದ ದಣಿದಿರುತ್ತದೆ. ಕೆಮ್ಮಿದಾಗ ಹೊಟ್ಟೆಯೊಳಗಿನ ಒತ್ತಡ ಏರಿ ಮೂತ್ರಕೋಶವನ್ನು ಒತ್ತುತ್ತದೆ. ಆ ಒತ್ತಡ ಉಂಗುರದ ಬಿಗಿತಕ್ಕಿಂತ ಹೆಚ್ಚಾದ ಕ್ಷಣ ಸೋರಿಕೆ. ದ್ರವದ ಒತ್ತಡದ ಪಾಠದಲ್ಲಿ ಬರುವ ಲೆಕ್ಕವೇ ಇದು.

ಹಲವರಲ್ಲಿ ಮೂರರಿಂದ ಹನ್ನೆರಡು ತಿಂಗಳೊಳಗೆ ಈ ಹಿಡಿತ ಬಹುಮಟ್ಟಿಗೆ ಮರಳುತ್ತದೆ. ಕೆಲವರಲ್ಲಿ ಉಳಿದುಬಿಡುತ್ತದೆ. ನನ್ನದು ಇನ್ನೂ ನಡುದಾರಿಯಲ್ಲಿತ್ತು.

ಬಸದಿಗಳಲ್ಲಿ ಕಷ್ಟವಾಗಲಿಲ್ಲ. ಕಲ್ಲಿನ ನೆಲ ತಂಪಾಗಿತ್ತು; ಮಕ್ಕಳು ಕಂಬಗಳ ನುಣುಪನ್ನು ಕೈಯಿಂದ ಸವರಿ ನೋಡಿದರು. ಬಳಪದ ಕಲ್ಲು ಮೆದುವಾಗಿದ್ದು ಉಳಿಗೆ ಸುಲಭವಾಗಿ ಒದಗುತ್ತದೆ, ಆದ್ದರಿಂದಲೇ ಚಾಲುಕ್ಯರ ಕಾಲದ ಶಿಲ್ಪಿಗಳು ಅಷ್ಟು ಸೂಕ್ಷ್ಮವಾಗಿ ಕೆತ್ತಿದರು ಎಂದು ನಾನೂ ಎರಡು ಮಾತು ಸೇರಿಸಿದೆ. ಸಿದ್ಧೇಶ್ವರ ಗುಡಿಯ ಹೊಸ್ತಿಲಲ್ಲಿ ಮಾತ್ರ ಕಾಲು ತಡೆಯಿತು. ಈ ಸ್ಥಿತಿಯಲ್ಲಿ ಒಳಗೆ ಹೋಗಬಹುದೆ? ನಮ್ಮ ಕಡೆಯ ಎಷ್ಟೋ ಹಿರಿಯರು ಇದೇ ಪ್ರಶ್ನೆಗೆ ಅಂಜಿ ಗುಡಿ ಬಿಟ್ಟಿದ್ದಾರೆ, ನಮಾಜು ಬಿಟ್ಟಿದ್ದಾರೆ. ಇಸ್ಲಾಮಿನ ಧರ್ಮಶಾಸ್ತ್ರ ಇದನ್ನು ಎಂದೋ ಯೋಚಿಸಿದೆ. ಸೋರಿಕೆ ನಿಲ್ಲದ ರೋಗಿ ಪ್ರತಿ ನಮಾಜಿನ ಹೊತ್ತಿಗೆ ಹೊಸದಾಗಿ ವಜು ಮಾಡಿಕೊಂಡು ಪ್ರಾರ್ಥಿಸಬಹುದೆಂದು ಅಲ್ಲಿ ರಿಯಾಯಿತಿ ಇದೆ. ರೋಗಿಗೆ ಅಲ್ಲಾಹ ಕೊಟ್ಟ ರಿಯಾಯಿತಿಯನ್ನು ಸಿದ್ಧೇಶ್ವರ ಕೊಡಲಾರನೆ ಎಂದುಕೊಂಡು, ಕೈಕಾಲು ತೊಳೆದು ಒಳಗೆ ಹೋಗಿ ಕೈಮುಗಿದೆ.

ಪೇಟೆಯಲ್ಲಿ ಮಕ್ಕಳು ಗಿರ್ಮಿಟ್ ತಿನ್ನುವಾಗ ನಾನು ಚಹಾ ಬಿಟ್ಟು ನೀರು ಕುಡಿದೆ. ಚಹಾ, ಕಾಫಿಯಲ್ಲಿನ ಕೆಫೀನ್ ಮೂತ್ರಕೋಶವನ್ನು ಕೆರಳಿಸುತ್ತದೆ. ಸೋರುತ್ತದೆಂದು ನೀರನ್ನೇ ಬಿಡುವವರು ಬಹಳ. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಕೋಶಕ್ಕೆ ಇನ್ನಷ್ಟು ಉರಿ, ವಾಸನೆಯೂ ಹೆಚ್ಚು. ಮಲಬದ್ಧತೆಯಾಗಿ ತಿಣುಕಿದರೆ ಕೆಳಗಿನ ಸ್ನಾಯುಗಳು ಮತ್ತೂ ಸಡಿಲ. ಹಗಲು ಸ್ವಲ್ಪ ಸ್ವಲ್ಪವಾಗಿ ಸಾಕಷ್ಟು ಕುಡಿದು, ಮಲಗುವ ಮುಂಚಿನ ಎರಡು ತಾಸು ಕಡಿಮೆ ಮಾಡುವುದು ಸರಿಯಾದ ಕ್ರಮ.

ಅಲ್ಲಿಂದ ಗುಡ್ಡಕ್ಕೆ. ಏರುವಾಗ ಉಸಿರು ಕಟ್ಟದೆ, ನಿಧಾನವಾಗಿ ಹತ್ತಿದೆ. ಮೇಲೆ ನಿಂತರೆ ಊರು, ಹೊಲ, ದೂರದ ರಸ್ತೆ ಎಲ್ಲ ಬಿಡಿಸಿಟ್ಟಂತೆ ಕಾಣುತ್ತದೆ. ಗಾಳಿ ಚೆನ್ನಾಗಿ ಬೀಸುತ್ತಿತ್ತು. ದರ್ಗಾದಲ್ಲಿ ಸಕ್ಕರೆ ಓದಿಸಿಕೊಂಡು ಬಂದ ಕುಟುಂಬವೊಂದು ನಮ್ಮ ಮಕ್ಕಳಿಗೂ ಹಂಚಿತು. ಇಳಿಯುವಾಗ ಹುಡುಗನೊಬ್ಬ ಕಾಲು ಉಳುಕಿಸಿಕೊಂಡು ಕುಳಿತುಬಿಟ್ಟ. ಅವನನ್ನು ಎತ್ತಿ ನಿಲ್ಲಿಸುವ ಭರದಲ್ಲಿ ಹೊಟ್ಟೆಗೆ ಬಿದ್ದ ಒತ್ತಡ ಉಂಗುರವನ್ನು ಗೆದ್ದಿತು. ಪ್ಯಾಡ್ ತಡೆಯದಷ್ಟು ಸೋರಿತು.

ಕಪ್ಪು ಪ್ಯಾಂಟು ತೊಟ್ಟಿದ್ದೆ, ಅಂಗಿಯನ್ನು ಹೊರಗೆ ಬಿಟ್ಟಿದ್ದೆ. ಹಾಗಾಗಿ ಯಾರಿಗೂ ತಿಳಿಯಲಿಲ್ಲ ಎಂದುಕೊಂಡೆ. ನನ್ನ ಹೆಗಲಿಗೆ ಕೈಹಾಕಿ ಕುಂಟುತ್ತಿದ್ದ ಆ ಹುಡುಗನಿಗೆ ತಿಳಿದಿತ್ತು. ಉಳಿದವರು ಮುಂದೆ ಹೋದ ಮೇಲೆ ಅವನು ಮೆಲ್ಲಗೆ ಹೇಳಿದ: “ಸರ್ರ, ನಮ್ಮ ಅಜ್ಜಗೂ ಹಿಂಗ ಆಗ್ತದರಿ. ಮೂರ ವರ್ಷ ಆತು, ಅಂವ ಮನಿ ಬಿಟ್ಟು ಎಲ್ಲೂ ಹೋಗಿಲ್ಲರಿ. ನಮ್ಮ ಅಕ್ಕನ ಲಗ್ನಕ್ಕೂ ಬರಲಿಲ್ಲ. ನೀವು ಗುಡ್ಡಾ ಹತ್ತೀರಲ್ಲರಿ!”

“ಅಜ್ಜಾರನ್ನ ದವಾಖಾನಿಗೆ ಕರಕೊಂಡು ಹೋಗೀರೇನು?” ಎಂದು ಕೇಳಿದೆ.

“ವಯಸ್ಸಾದ ಮ್ಯಾಲೆ ಹಂಗ ಆಗೂದ ಅಂತಾರರಿ ಮನ್ಯಾಗ.”

ನಾನು ಬಹಿರಂಗವಾಗಿ ಈ ಲೇಖನ ಬರೆಯಲು ಆ ಮಾತೇ ಕಾರಣ. ಮರುವಾರ ಅವನ ತಂದೆಯನ್ನು ಶಾಲೆಗೆ ಕರೆಸಿ ಮಾತನಾಡಿದೆ. ವೈದ್ಯರು ಪರೀಕ್ಷಿಸಿದಾಗ ಅಜ್ಜನದು ಬೇರೆಯೇ ಕಾರಣವೆಂದು ತಿಳಿಯಿತು. ಕ್ಯಾನ್ಸರ್ ಅಲ್ಲ, ಗ್ರಂಥಿ ಊದಿ ನಾಳವನ್ನು ಒತ್ತಿದ್ದರಿಂದ ಮೂತ್ರಕೋಶ ಪೂರ್ತಿ ಖಾಲಿಯಾಗದೆ, ತುಂಬಿದ ಕೆರೆಯ ಕೋಡಿಯಂತೆ ಹರಿಯುತ್ತಿತ್ತು. ಇದನ್ನು ಬಿಟ್ಟರೆ ಮೂತ್ರಪಿಂಡಗಳಿಗೇ ಧಕ್ಕೆ. ಸೋರಿಕೆ ಒಂದೇ ಆಗಿ ಕಂಡರೂ ಕಾರಣ ಹಲವು ಎಂಬುದನ್ನು ಮನೆಯವರು ಮರೆಯಬಾರದು.

ನನ್ನಂಥವರಿಗೆ ಮೊದಲ ಔಷಧ ವ್ಯಾಯಾಮ. ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಹೆರಿಗೆಯ ನಂತರದ ಸೋರಿಕೆಗೆಂದು ಇದನ್ನು ಪ್ರಕಟಿಸಿದರು; ಈಗ ಗಂಡಸರಿಗೂ ಅದನ್ನೇ ಕಲಿಸುತ್ತಾರೆ. ನಮ್ಮ ಯೋಗದ ಮೂಲಬಂಧ ಬಲ್ಲವರಿಗೆ ಇದು ತೀರ ಹೊಸದಲ್ಲ. ಅಪಾನವಾಯುವನ್ನೂ ಮೂತ್ರವನ್ನೂ ಒಟ್ಟಿಗೆ ತಡೆಯುವಂತೆ ಒಳಗಿನ ಸ್ನಾಯುವನ್ನು ಮೇಲಕ್ಕೆ ಸೆಳೆಯಬೇಕು. ಐದು ಸೆಕೆಂಡು ಹಿಡಿದು, ಐದು ಸೆಕೆಂಡು ಬಿಡಬೇಕು. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಹೊಟ್ಟೆ, ತೊಡೆ, ಕುಂಡೆ ಬಿಗಿಯಬಾರದು, ಉಸಿರು ಕಟ್ಟಬಾರದು. ಕ್ಯಾಥೆಟರ್ ಇರುವಾಗ ಮಾಡಬಾರದು. ಮೂತ್ರ ಮಾಡುವಾಗ ತಡೆತಡೆದು ಅಭ್ಯಾಸ ಮಾಡುವುದೂ ಸರಿಯಲ್ಲ. ಕೆಮ್ಮು ಬರುವ ಮುನ್ನ, ಏಳುವ ಮುನ್ನ, ಭಾರ ಎತ್ತುವ ಮುನ್ನ ಒಮ್ಮೆ ಬಿಗಿಯುವ ರೂಢಿಯಾದರೆ ಅರ್ಧ ಗೆದ್ದಂತೆ. ಪಾಠ ಮಾಡುತ್ತ ನಿಂತಲ್ಲೇ ಇದನ್ನು ಮಾಡಬಹುದು, ಎದುರಿಗಿದ್ದವರಿಗೆ ಗೊತ್ತಾಗುವುದಿಲ್ಲ.

ಸುಧಾರಣೆಯನ್ನು ಅಳೆಯಲು ಒಂದು ತಕ್ಕಡಿ ಸಾಕು. ಬಳಸಿದ ಪ್ಯಾಡಿನ ತೂಕದಲ್ಲಿ ಒಣ ಪ್ಯಾಡಿನ ತೂಕ ಕಳೆಯಿರಿ. ಮೂತ್ರದ ಸಾಂದ್ರತೆ ನೀರಿನಷ್ಟೇ ಹತ್ತಿರವಿರುವುದರಿಂದ ಒಂದು ಗ್ರಾಂ ಎಂದರೆ ಸುಮಾರು ಒಂದು ಮಿಲಿಲೀಟರ್. ಮೊದಲ ವಾರ ದಿನಕ್ಕೆ 300 ಗ್ರಾಂ ಇದ್ದದ್ದು, ಮುಳಗುಂದಕ್ಕೆ ಹೋಗುವ ಹೊತ್ತಿಗೆ 40ಕ್ಕೆ ಇಳಿದಿತ್ತು. ಮನಸ್ಸು ಕುಗ್ಗಿದ ದಿನ ಆ ಅಂಕಿಗಳ ಪಟ್ಟಿಯನ್ನೇ ನೋಡುತ್ತೇನೆ.

ವರ್ಷ ಕಳೆದರೂ ನಿಲ್ಲದವರಿಗೆ ಬೇರೆ ಉಪಾಯಗಳುಂಟು. ನಾಳಕ್ಕೆ ಆಸರೆಯಾಗಿ ಪಟ್ಟಿ ಕೂಡಿಸುವುದು ಒಂದು. ಇನ್ನೊಂದು, 1970ರ ದಶಕದಲ್ಲಿ ಅಮೆರಿಕದ ಬ್ರಾಂಟ್ಲಿ ಸ್ಕಾಟ್ ಬಳಕೆಗೆ ತಂದ ಕೃತಕ ಉಂಗುರ. ನಾಳದ ಸುತ್ತ ದ್ರವ ತುಂಬಿದ ಪಟ್ಟಿ, ವೃಷಣ ಚೀಲದೊಳಗೆ ಪುಟ್ಟ ಪಂಪು. ಪಂಪನ್ನು ಅದುಮಿದರೆ ಪಟ್ಟಿ ಸಡಿಲವಾಗಿ ಮೂತ್ರ ಹೊರಬರುತ್ತದೆ. ಕೆಲವು ನಿಮಿಷಗಳಲ್ಲಿ ದ್ರವ ತಾನಾಗಿ ಮರಳಿ ತುಂಬಿ ದಾರಿ ಮುಚ್ಚುತ್ತದೆ. ಖರ್ಚು ದೊಡ್ಡದು. ಆದರೆ ದಾರಿ ಇದೆ ಎಂಬುದು ತಿಳಿದಿರಲಿ. ಜ್ವರ, ಮೂತ್ರದಲ್ಲಿ ರಕ್ತ, ಧಾರೆ ಸಣ್ಣಗಾಗುವುದು ಅಥವಾ ಮೂತ್ರ ಕಟ್ಟುವುದು ಕಂಡರೆ ಕಾಯದೆ ವೈದ್ಯರ ಬಳಿ ಹೋಗಬೇಕು.

ಹೊರಸಂಚಾರದಲ್ಲಿ ನನಗೆ ಅತಿ ಕಷ್ಟವಾದದ್ದು ಗುಡ್ಡವಲ್ಲ, ಬಳಸಿದ ಪ್ಯಾಡನ್ನು ಹಾಕಲು ಒಂದು ಬುಟ್ಟಿ ಹುಡುಕುವುದು. ಗಂಡಸರ ಶೌಚಾಲಯದಲ್ಲಿ ಕಸದ ಬುಟ್ಟಿ ಬೇಕಾದೀತೆಂದು ಯಾರೂ ಯೋಚಿಸಿಲ್ಲ. ಬ್ರಿಟನ್ನಿನಲ್ಲಿ ಇದಕ್ಕಾಗಿಯೇ ಪ್ರಾಸ್ಟೇಟ್ ರೋಗಿಗಳ ಪರ ಸಂಸ್ಥೆ ಚಳವಳಿ ನಡೆಸಿದೆ. ಒಂದು ಮುಚ್ಚಳದ ಬುಟ್ಟಿಗೆ ಎಷ್ಟು ಖರ್ಚು? ಶಾಲೆ, ಬಸ್ ನಿಲ್ದಾಣ, ಗುಡಿ, ದರ್ಗಾ, ಕಲ್ಯಾಣ ಮಂಟಪಗಳನ್ನು ನಡೆಸುವವರು ಇದನ್ನು ಇಟ್ಟರೆ ಎಷ್ಟೋ ಹಿರಿಯರು ಮನೆಯಿಂದ ಹೊರಬಂದಾರು.

ಪಾಲಕರಿಗೆ ಒಂದು ಮಾತು. ಮನೆಯ ಹಿರಿಯರು ಊರಿಗೆ ಬರುವುದಿಲ್ಲ ಎಂದರೆ, ಹಟ ಎನ್ನುವ ಮೊದಲು ಕಾರಣ ಕೇಳಿ. ಬಸ್ಸಿನಲ್ಲಿ ನಡುದಾರಿಯ ಪಕ್ಕದ ಸೀಟು, ಚೀಲದಲ್ಲಿ ಒಂದು ಜೊತೆ ಬಟ್ಟೆ, ಎರಡು ತಾಸಿಗೊಮ್ಮೆ ನಿಲುಗಡೆ, ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ದೀಪ, ಇಷ್ಟೇ ಬೇಕಾದದ್ದು. ಮಕ್ಕಳೇ, ಅಜ್ಜನ ಹಾಸಿಗೆ ಒದ್ದೆಯಾದರೆ ಮೂಗು ಮುಚ್ಚಿಕೊಳ್ಳಬೇಡಿ. ಒಣಗಿದ ಧೋತರ ತಂದುಕೊಡಿ.

ಮುಳಗುಂದಕ್ಕೆ ಅವರನ್ನೂ ಕರೆದುಕೊಂಡು ಹೋಗಿ. ಮುಂಜಾನೆ ಗದಗದಿಂದ ಹೊರಟರೆ ಬಸದಿ, ಸಿದ್ಧೇಶ್ವರ ಗುಡಿ, ಮಠ, ದಾವಲಮಲಿಕ್ ಗುಡ್ಡ ಎಲ್ಲವನ್ನೂ ನೋಡಲು ಅರ್ಧ ದಿನ ಸಾಕು. ಹಿರಿಯರು ಜೊತೆಗಿದ್ದರೆ ಇಡೀ ದಿನ ಇಟ್ಟುಕೊಳ್ಳಿ. ಅವಸರವೇನಿದೆ?