ಭಾನುವಾರದ ಮೇಜು

ನಮ್ಮೂರಿನ ಯುವಕ ಮಂಡಲದ ಕಟ್ಟಡ ದೊಡ್ಡದೇನೂ ಅಲ್ಲ. ಹಂಚಿನ ಮಾಡಿನ ಒಂದು ಕೋಣೆ, ಮುಂದೊಂದು ಜಗಲಿ, ಅಂಗಳದಾಚೆ ವಾಲಿಬಾಲ್ ಆಡುವ ಬಯಲು. ಒಳಗೆ ಒಂದು ಕೇರಂ ಬೋರ್ಡು, ಎರಡು ಕಪಾಟು ಪುಸ್ತಕ. ಅಧ್ಯಾಪನ ವೃತ್ತಿಯಿಂದ ನಿವೃತ್ತರಾದ ನಾವು ನಾಲ್ವರು ಆ ಮಂಡಲಕ್ಕೆ ನೆರವಾಗಲು ಹೊರಟಾಗ ಮನಸ್ಸಿನಲ್ಲಿದ್ದುದು ಒಂದೇ ವಿಚಾರ: ಕಾಸರಗೋಡಿನ ಈ ಮೂಲೆಯಲ್ಲಿ ಕನ್ನಡ ಉಳಿಯಬೇಕು. 1956ರ ನವೆಂಬರ್ 1ರಂದು ಈ ನೆಲ ಕೇರಳಕ್ಕೆ ಸೇರಿದ ನೋವನ್ನೂ, ಚಂದ್ರಗಿರಿ ಹೊಳೆಯ ಉತ್ತರಭಾಗ ಕರ್ನಾಟಕಕ್ಕೆ ಸಲ್ಲಬೇಕೆಂದ 1967ರ ಮಹಾಜನ ವರದಿ ಕಡತದಲ್ಲೇ ಉಳಿದ ನಿರಾಶೆಯನ್ನೂ ಹಿರಿಯರಿಂದ ಕೇಳುತ್ತ ಬೆಳೆದವರು ನಾವು. ಎಳೆಯರಿಗೂ ಅದನ್ನು ದಾಟಿಸುವುದೇ ನಮ್ಮ ಸೇವೆಯೆಂದು ನಂಬಿದ್ದೆವು.

ಅಂತೆಯೇ ಭಾನುವಾರಗಳಂದು ಉಪನ್ಯಾಸಮಾಲೆ ಆರಂಭಿಸಿದೆವು. ಗೋವಿಂದ ಪೈಗಳ ಬಗ್ಗೆ ಮಾತನಾಡಿದೆವು, ಕಯ್ಯಾರರ ಬಗ್ಗೆ ಮಾತನಾಡಿದೆವು. ಹುಡುಗರು ಗೌರವದಿಂದ ಕುಳಿತು ಕೇಳಿದರು. ಮುಗಿದೊಡನೆ ಬಯಲಿಗೆ ಓಡಿದರು. ತಪ್ಪದೆ ಬರುತ್ತಿದ್ದವನು ಒಬ್ಬನೇ. ಅವನನ್ನು ಕಂಡು ನಮಗೆ ಹೆಮ್ಮೆ.

ಒಂದು ಸಂಜೆ ಎಲ್ಲರೂ ಹೋದ ಮೇಲೆ ಅವನು ಅಂಗಿಯ ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದ.

"ಮಾಷ್ಟ್ರೇ, ಇದರಲ್ಲಿ ಏನು ಬರೆದಿದೆ ಅಂತ ಒಮ್ಮೆ ನೋಡ್ತೀರಾ?"

ಮಲಯಾಳದಲ್ಲಿದ್ದ ಕಾಗದ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಕಲಿತ ಅವನಿಗೆ ಮಲಯಾಳದ ಮಾತು ಬರುತ್ತಿತ್ತು, ಲಿಪಿ ಬರುತ್ತಿರಲಿಲ್ಲ. ನಾವು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದೆವು. ಅವನ ತಾಯಿಯ ವಿಧವಾ ಪಿಂಚಣಿ ಮುಂದುವರಿಯಲು ಪುನರ್ವಿವಾಹವಾಗಿಲ್ಲವೆಂಬ ಪ್ರಮಾಣಪತ್ರವನ್ನು ಇಂಥ ದಿನದೊಳಗೆ ಕೊಡಬೇಕೆಂದು ಅದರಲ್ಲಿತ್ತು. ಆ ದಿನ ಕಳೆದು ಎರಡು ವಾರವಾಗಿತ್ತು.

ಅಷ್ಟು ಭಾನುವಾರವೂ ಆ ಕಾಗದ ಅವನ ಜೇಬಿನಲ್ಲೇ ಇತ್ತು. ಅವನು ಬರುತ್ತಿದ್ದುದು ಉಪನ್ಯಾಸಕ್ಕಲ್ಲ, ಕೇಳುವ ಧೈರ್ಯ ಬರಲೆಂದು ಕಾದು ಕೂರುವುದಕ್ಕೆ. ನಾವು ಎಡೆಬಿಡದೆ ಮಾತನಾಡಿದ್ದೆವು. ಏನು ಬೇಕೆಂದು ಒಮ್ಮೆಯೂ ಕೇಳಿರಲಿಲ್ಲ. ನಿಂತುಹೋದ ಪಿಂಚಣಿ ಮತ್ತೆ ಕೈಗೆ ಬರಲು ಕೆಲವು ತಿಂಗಳು ಹಿಡಿಯಿತು. ಆ ತಿಂಗಳುಗಳಲ್ಲಿ ಅವನು ಕಾಲೇಜು ಬಿಟ್ಟು ಅಡಿಕೆ ಸುಲಿಯುವ ಕೆಲಸಕ್ಕೆ ಹೋದ. ಆ ನಷ್ಟದಲ್ಲಿ ನಮ್ಮ ಪಾಲೂ ಇದೆಯೆಂಬ ಭಾವ ಇಂದಿಗೂ ನಮ್ಮನ್ನು ಬಿಟ್ಟಿಲ್ಲ.

ಮುಂದಿನ ಭಾನುವಾರ ಭಾಷಣದ ಮೇಜನ್ನು ಜಗಲಿಗೆ ತಂದಿಟ್ಟೆವು. ಕಾಗದಪತ್ರವಿದ್ದವರು ಬರಲಿ ಎಂದೆವು. ರೇಷನ್ ಕಾರ್ಡಿನ ಅರ್ಜಿ ಬಂತು, ವಿದ್ಯಾರ್ಥಿವೇತನದ ಫಾರಂ ಬಂತು, ಪಿ.ಎಸ್.ಸಿ. ಪರೀಕ್ಷೆಯ ಪ್ರಕಟಣೆ ಬಂತು. ನೆರೆಮನೆಯ ಮಲಯಾಳಿ ಅಧ್ಯಾಪಿಕೆಯೊಬ್ಬರನ್ನು ಕೇಳಿಕೊಂಡೆವು. ಅವರು ಸಂತೋಷದಿಂದ ಬಂದು ಮಲಯಾಳದ ಅಕ್ಷರ ಕಲಿಸತೊಡಗಿದರು. ಕನ್ನಡ ಉಳಿಸಲು ಹೊರಟವರು ಮಲಯಾಳ ಕಲಿಸುವುದೇ ಎಂದು ನಮ್ಮೊಳಗೇ ಒಬ್ಬರು ಮುನಿದುಕೊಂಡರು. ಅವರ ಪ್ರಶ್ನೆ ಸುಳ್ಳಲ್ಲ. ಅದಕ್ಕೆ ನಾವು ಕೊಟ್ಟ ಉತ್ತರ ಇಷ್ಟೇ: ಓದಲಾಗದ ಕಾಗದದ ಮುಂದೆ ತಲೆತಗ್ಗಿಸಿದ ಹುಡುಗ ಕೊನೆಗೆ ತನ್ನ ಭಾಷೆಯ ಮೇಲೆಯೇ ಸಿಟ್ಟಾಗುತ್ತಾನೆ.

ಹಕ್ಕಿನ ಮಾತನ್ನೂ ನಾವು ಬಿಡಲಿಲ್ಲ. ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರಕಾರದೊಡನೆ ಪತ್ರವ್ಯವಹಾರ ನಡೆಸಲು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಲ್ಲಿ ಅವಕಾಶವಿದೆ. ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸಬಹುದೆಂದು ಸಂವಿಧಾನದ 350ನೆಯ ವಿಧಿ ಹೇಳುತ್ತದೆ. ಇದನ್ನು ಮೇಜಿನ ಬಳಿ ಓದಿ ಹೇಳಿದಾಗ ಹುಡುಗಿಯೊಬ್ಬಳು ದಾರಿದೀಪಕ್ಕಾಗಿ ಕನ್ನಡದಲ್ಲಿ ಅರ್ಜಿ ಬರೆದಳು. ಮಲಯಾಳದಲ್ಲಿ ಉತ್ತರ ಬಂತು. ಅದನ್ನು ತಾನೇ ಓದಿದಳು. ಕಾಯಿದೆಯನ್ನು ಉಲ್ಲೇಖಿಸಿ ಮತ್ತೆ ಕನ್ನಡದಲ್ಲೇ ಬರೆದಳು. ಈ ಸಲ ಎರಡು ಸಾಲಿನ ಕನ್ನಡ ಉತ್ತರ. ಅದರಲ್ಲಿ ಮೂರು ಕಾಗುಣಿತ ದೋಷಗಳಿದ್ದುವು. ಆದರೂ ಹುಡುಗರು ಅದನ್ನು ಮಂಡಲದ ಗೋಡೆಗೆ ಅಂಟಿಸಿದರು. ನಮ್ಮ ಯಾವ ಉಪನ್ಯಾಸವೂ ಅವರ ಮುಖದಲ್ಲಿ ಆ ನಗುವನ್ನು ತಂದಿರಲಿಲ್ಲ.

ಈಗ ಮಂಡಲದ ಬೀಗದ ಕೈ ಎಳೆಯರಲ್ಲೇ ಇದೆ. ಅರ್ಜಿ ಬರೆಯುವವರೂ ಅವರೇ. ನಾವು ಬದಿಯಲ್ಲಿ ಕುಳಿತು ಒತ್ತಕ್ಷರ ತಿದ್ದುತ್ತೇವೆ. ಕಾಲೇಜು ಬಿಟ್ಟ ಆ ಹುಡುಗ ಮರಳಿ ಓದಲಿಲ್ಲ. ಆದರೆ ಭಾನುವಾರ ಎಲ್ಲರಿಗಿಂತ ಮೊದಲು ಬಂದು ಮೇಜನ್ನು ಹೊರಗಿಡುವವನು ಅವನೇ. ಕಪಾಟಿನ ಪುಸ್ತಕಗಳೂ ಒಂದೊಂದಾಗಿ ಮನೆಗಳಿಗೆ ಹೋಗತೊಡಗಿವೆ.

ಸಮ್ಮೇಳನಕ್ಕೆ ಬಂದ ಬಂಧುಗಳಲ್ಲಿ ನಮ್ಮ ವಿನಂತಿ ಸಣ್ಣದು. ನಿಮ್ಮ ಊರಿನಲ್ಲೂ ಇಂಥದೊಂದು ಕೋಣೆ ಇದ್ದೀತು. ಅಲ್ಲಿಗೆ ವಾರಕ್ಕೊಂದು ಗಂಟೆ ಹೋಗಿ ಕುಳಿತುಕೊಳ್ಳಿ. ಮಾತನಾಡುವ ಮೊದಲು, ಜೇಬಿನಲ್ಲಿ ಏನಿದೆ ಮಗಾ ಎಂದು ಕೇಳಿ.